ಗಿರಣಿ ಮಾಯಪ್ಪನ ಕೈ

ಮಾಯಪ್ಪನನ್ನು ನಾನು ಮೊದಲು ಕಂಡದ್ದು ಮೂಡಲಗಿಯ ಶಾಲೆಗೆ ವರ್ಗವಾಗಿ ಬಂದ ವಾರದ ಸೋಮವಾರ ಸಂಜೆ. ನಮ್ಮ ಬಾಡಿಗೆ ಮನೆಯ ಓಣಿಯ ತುದಿಯಲ್ಲೊಂದು ಚಿಕ್ಕ ಮಠ. ಅಲ್ಲಿಂದ ಭಜನೆ ಕೇಳಿಸಿತು. ಹೋಗಿ ನೋಡಿದರೆ ಒಳಗೆ ಜಮಖಾನೆಯ ಮೇಲೆ ಕೆಲವರು ದುಂಡಗೆ ಕುಳಿತು ಹಾಡುತ್ತಿದ್ದರು. ಹೊಸ್ತಿಲ ಹೊರಗೆ ಒಬ್ಬನೇ ಒಬ್ಬ, ಹುಬ್ಬು ಮೀಸೆಗಳಿಗೆಲ್ಲ ಹಿಟ್ಟು ಮೆತ್ತಿಕೊಂಡ ಮನುಷ್ಯ, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕುಳಿತಿದ್ದ. ಅದು ಚಳಿಗಾಲವೂ ಅಲ್ಲ.

“ಕೈಗೆ ಏನಾಗೇತ್ರಿ?” ಎಂದು ಕೇಳಿದೆ.

“ಏನೂ ಆಗಿಲ್ರಿ. ಬಿಟ್ರ ಬಡಿತಾವ್ರಿ” ಎಂದ.

ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಹಾಡಿನ ವೇಗ ಏರಿತು. ಅವನ ಬಲಗೈ ತೊಡೆಯ ಕೆಳಗಿನಿಂದ ತಪ್ಪಿಸಿಕೊಂಡು ಬಂದು ಮೊಣಕಾಲಿನ ಮೇಲೆ ಪಟಪಟನೆ ಬಡಿಯಿತು. ತಾಳದಲ್ಲಿ ಎಲ್ಲಿ ಪೆಟ್ಟು ಬೀಳಬಾರದೋ ಸರಿಯಾಗಿ ಅಲ್ಲಿಯೇ ಬಿತ್ತು. ಒಳಗಿನಿಂದ ಮುಖ್ಯ ಹಾಡುಗಾರರಾದ ಶಿದ್ರಾಮಪ್ಪನವರು ಕಣ್ಣು ತೆರೆಯದೆ, ಹಾಡಿನ ನಡುವೆಯೇ, “ಮಾಯಪ್ಪಾ, ಕೈ” ಎಂದರು. ಕೈ ಮತ್ತೆ ತೊಡೆಯ ಕೆಳಗೆ ಸೇರಿತು.

ಅವನದು ಕುರಿ ಕಾಯುತ್ತಿದ್ದ ಮನೆತನ. ತಂದೆಯ ಕಾಲಕ್ಕೆ ಕುರಿ ಬಿಟ್ಟು ಪೇಟೆಯ ಮೂಲೆಯಲ್ಲಿ ಹಿಟ್ಟಿನ ಗಿರಣಿ ಹಾಕಿದರು. ಹುಡುಗನಾಗಿದ್ದಾಗಿನಿಂದ ಮಾಯಪ್ಪನಿಗೆ ಇದ್ದುದು ಒಂದೇ ಆಸೆ: ಆ ಜಮಖಾನೆಯ ಮೇಲೆ, ಆ ಸಾಲಿನೊಳಗೆ, ಕೈಯಲ್ಲಿ ಏನನ್ನಾದರೂ ಹಿಡಿದು ಕೂಡಬೇಕು. ಭಜನಾ ಸಂಘದವರೇನು ಕೆಟ್ಟವರಲ್ಲ, ತಾಳ ಕೊಟ್ಟು ನೋಡಿದ್ದರು. ತಬಲಾ ಬಾರಿಸುವ ಅಪ್ಪಣ್ಣ ದಾರಿ ತಪ್ಪಿ ಹೋದ. ಗೆಜ್ಜೆ ಕೊಟ್ಟರು; ಹಾಡುವವರೇ ದಾರಿ ತಪ್ಪಿದರು. ಕೊನೆಗೆ ಚಹಾದ ಕಿಟ್ಲಿ ಕೊಟ್ಟು ಹೊಸ್ತಿಲ ಹೊರಗೆ ಕೂಡಿಸಿದರು.

“ಸಣ್ಣಾಂವ ಇದ್ದಾಗಿಂದ ಗಿರಣಿ ಪಟ್ಟಾದ ಸಪ್ಪಳ ಕೇಳಿ ನನ್ನ ಕಿವಿ ಹಂಗ ಆಗೇತ್ರಿ ಮಾಸ್ತರ” ಎಂದು ಅವನು ಒಮ್ಮೆ ಗಿರಣಿಯಲ್ಲಿ ತಿರುಗುತ್ತಿದ್ದ ಬೆಲ್ಟನ್ನು ತೋರಿಸಿ ನನಗೆ ಹೇಳಿದ.

ಅಲ್ಲಿಯೇ ಜೋಳ ಹಸನು ಮಾಡುತ್ತಿದ್ದ ಅವನ ಹೆಂಡತಿ ಯಲ್ಲಕ್ಕ, “ಆ ಪಟ್ಟಾ ತಪ್ಪದ ಒಂದ ಸಮನ ಹೊಡಕೋತೈತಿ. ಅದರ ಮ್ಯಾಲ ಯಾಕ ಹಾಕ್ತಿ?” ಎಂದಳು.

ಹೀಗೆಯೇ ವರ್ಷಗಳು ಕಳೆದವು. ನಾನು ನಿವೃತ್ತನಾಗಿ ಮೂಡಲಗಿಯಲ್ಲಿಯೇ ಉಳಿದೆ. ಶಿದ್ರಾಮಪ್ಪನವರಿಗೆ ವಯಸ್ಸಾಯಿತು, ನುಡಿಗಳು ಮರೆಯತೊಡಗಿದವು. ಜೀವಮಾನದಲ್ಲಿ ಪುಸ್ತಕ ಹಿಡಿದು ಹಾಡಿದವರಲ್ಲ. ಈಗ ಹಿಡಿದರೂ ಅಕ್ಷರ ಕಾಣದು. ಅವರ ಸೊಸೆ ಲಕ್ಷ್ಮೀ ಘಟಪ್ರಭೆಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಮಾವನ ಪಾಡು ನೋಡಲಾರದೆ ಮಠದ ಗೋಡೆಗೆ ದೊಡ್ಡ ಟಿ.ವಿ. ಹಾಕಿಸಿದಳು. ಹಾಡುಗಳನ್ನೆಲ್ಲ ದಪ್ಪ ಅಕ್ಷರದಲ್ಲಿ ಕಂಪ್ಯೂಟರಿಗೆ ಏರಿಸಿದಳು. ಕುಳಿತಲ್ಲಿಂದಲೇ ನಡೆಸಲಿ ಎಂದು ವೈರಿಲ್ಲದ ಕೀಬೋರ್ಡು, ವೈರಿಲ್ಲದ ಮೌಸು ತಂದಳು.

ಕೀಬೋರ್ಡು ಬಂದ ದಿನ ಅಪ್ಪಣ್ಣ ಜಮಖಾನೆ ಎತ್ತಿ ಎತ್ತಿ ವೈರು ಹುಡುಕಿದ. ಇಲ್ಲವೆಂದು ಖಾತ್ರಿಯಾದ ಮೇಲೆ ಶಿದ್ರಾಮಪ್ಪನವರಿಗೆ ಬೇರೊಂದು ಚಿಂತೆ ಹತ್ತಿತು. “ಕಟ್ಟಿಲ್ಲದ ವಸ್ತು ಐತಿ. ಯಾರರ ಬಗಲಾಗ ಇಟಗೊಂಡ ಹೋದ್ರ?” ಎಂದು ಅದಕ್ಕೊಂದು ಹುರಿ ಬಿಗಿದು, ಕರುವನ್ನು ಗೂಟಕ್ಕೆ ಕಟ್ಟಿದಂತೆ ಹಾರ್ಮೋನಿಯಂ ಪೆಟ್ಟಿಗೆಗೆ ಕಟ್ಟಿಸಿದರು. ಲಕ್ಷ್ಮೀ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಮೌಸು ಅದಕ್ಕಿಂತ ವಿಚಿತ್ರದ್ದು. “ಇದನ್ನ ಎಲ್ಲೂ ಇಡೂದ ಬ್ಯಾಡ್ರಿ ಮಾವಾರ. ಗಾಳ್ಯಾಗ ಹಿಡದ, ಕೈ ಬಲಕ್ಕ ಜಾಡಿಸಿದ್ರ ಮುಂದಿನ ಪುಟ, ಎಡಕ್ಕ ಜಾಡಿಸಿದ್ರ ಹಿಂದಿನ ಪುಟ. ಕೈ ಅಲುಗಿದ್ದು ಅದಕ್ಕ ತಿಳಿತೈತಿ” ಎಂದಳು ಲಕ್ಷ್ಮೀ.

ತೊಂದರೆ ಅಲ್ಲಿಯೇ ಇತ್ತು. ಕೈ ಆಡಿಸದೆ ಹಾಡುವುದು ಶಿದ್ರಾಮಪ್ಪನವರಿಗೆ ಗೊತ್ತಿರಲಿಲ್ಲ. ದನಿ ಏರಿದರೆ ಕೈ ಬಲಕ್ಕೆ ಏರುವುದು, ದನಿ ಇಳಿದರೆ ಎಡಕ್ಕೆ ಇಳಿಯುವುದು. ಪುಟಗಳು ರಾಶಿ ತೂರುವಾಗ ಹೊಟ್ಟು ಹಾರಿದಂತೆ ಹಾರಿದವು. ಅವರೋ, ಎದುರಿಗೆ ಕಂಡದ್ದನ್ನು ನಂಬಿ ಹಾಡುವ ಮುಗ್ಧರು. ಬೆಳಗಿನ ಹಾಡು ಹಾಡಿ ದೇವರನ್ನು ಎಬ್ಬಿಸಿದರು. ಮರುಸಾಲಿನಲ್ಲಿಯೇ ಜೋಗುಳ ಹಾಡಿ ಮಲಗಿಸಿದರು.

“ಕಾಕಾ, ದೇವರು ಇನ್ನೂ ಮಾರಿ ತೊಳಕೊಂಡಿಲ್ಲ” ಎಂದ ಅಪ್ಪಣ್ಣ.

ಮೌಸು ಕೈಯಿಂದ ಕೈಗೆ ತಿರುಗಿತು. ಭಜನೆಯವರಲ್ಲಿ ಯಾರ ಕೈ ತಾನೇ ಸುಮ್ಮನಿದ್ದೀತು? ಒಬ್ಬನ ಬೆರಳು ಕುಣಿದರೆ ಮತ್ತೊಬ್ಬನ ಭುಜವೇ ಕುಣಿಯುತ್ತಿತ್ತು. ನನಗೂ ಕೊಟ್ಟರು. ಹಾಡಿನ ಅರ್ಥ ಮನಸ್ಸಿಗೆ ಬಂದೊಡನೆ ನನ್ನ ಕೈ ಸೀಮೆಸುಣ್ಣ ಹಿಡಿದಂತೆ ಇಲ್ಲದ ಹಲಗೆಯ ಕಡೆಗೆ ಎದ್ದಿತು.

“ಮಾಸ್ತರ, ಪಾಠ ಹೇಳಬ್ಯಾಡ್ರಿ. ಪುಟ ಹೊಳ್ಳಿಸ್ರಿ” ಎಂದರು ಶಿದ್ರಾಮಪ್ಪನವರು.

ಬೇಸತ್ತು ಚಹಾ ಕೇಳಿದರು. ಮಾಯಪ್ಪ ಕಿಟ್ಲಿ ತಂದ. ಶಿದ್ರಾಮಪ್ಪನವರು ಚಹಾದ ಬಸಿ ಹಿಡಿಯಲೆಂದು ಮೌಸನ್ನು ಅವನ ಬಲಗೈಗೆ ಕೊಟ್ಟರು. ಎರಡು ಗುಟುಕು ಕುಡಿದಿದ್ದರೋ ಇಲ್ಲವೋ, ಟಿ.ವಿ.ಯ ಮೇಲಿನ ಹಾಡು ಅವರ ಬಾಯಿಗೆ ಬಂದಿತು. ಅಪ್ಪಣ್ಣ ತಬಲಾ ಎಳೆದುಕೊಂಡ. ಉಳಿದವರೂ ಸೇರಿದರು. ಮಾಯಪ್ಪ ಎಡಗೈಯಲ್ಲಿ ಕಿಟ್ಲಿ, ಬಲಗೈಯಲ್ಲಿ ಮೌಸು ಹಿಡಿದು ಕಂಬದಂತೆ ನಿಂತಿದ್ದ. ಪುಟ ಅಲುಗಲಿಲ್ಲ. ಕೊನೆಯ ಸಾಲು ಮುಗಿಯುವ ಹೊತ್ತಿಗೆ ಮಣಿಕಟ್ಟು ಒಮ್ಮೆ ಬಲಕ್ಕೆ ಸರಿಯಿತು. ಮುಂದಿನ ನುಡಿ ಬಂದು ನಿಂತಿತು. ಪೂರ್ತಿ ಹಾಡು ಮುಗಿದ ಮೇಲೆಯೇ ಎಲ್ಲರೂ ತಿರುಗಿ ಅವನನ್ನು ನೋಡಿದ್ದು.

“ನಿನ್ನ ಕೈ ಯಾಕ ಅಲುಗಲಿಲ್ಲೋ?” ಎಂದರು ಶಿದ್ರಾಮಪ್ಪನವರು.

“ನೀವು ‘ಮಾಯಪ್ಪಾ, ಕೈ’ ಅಂತೀರಿ ಅಂತ ನಿಮ್ಮ ಎದುರಿಗೆ ಅದು ಹೆದರತೈತ್ರಿ ಕಾಕಾ.”

“ಪುಟ ಹೊಳ್ಳಿಸೂದು ಹೆಂಗ ತಿಳೀತು?”

“ಮುಂದಿನ ನುಡಿ ಬೇಕಾದಾಗ ನಿಮ್ಮ ಎಡಗಣ್ಣ ಸಣ್ಣದಾಗತೈತ್ರಿ. ಹೊಸ್ತಲದಾಗ ಕುಂತಾಂವ ಮತ್ತೇನ ನೋಡ್ಲಿ?”

ಶಿದ್ರಾಮಪ್ಪನವರು ಬಸಿಯನ್ನು ಬದಿಗಿಟ್ಟರು. “ಕಿಟ್ಲಿ ಕೆಳಗ ಇಡು. ಒಳಗ ಬಂದ ಕೂಡು” ಎಂದರು. ಮಾಯಪ್ಪ ಹೊರಗೆ ಹೋಗಿ ಕಾಲು ತೊಳೆದು, ಮತ್ತೊಮ್ಮೆ ತೊಳೆದು, ಜಮಖಾನೆಯ ಅಂಚಿನಲ್ಲಿ ಕುಳಿತ. ಅಪ್ಪಣ್ಣ ಅವನನ್ನು ತೋಳು ಹಿಡಿದು ನಡುವಿಗೆ ಎಳೆದುಕೊಂಡ.

“ಬರೂ ವಾರ ಅಂಕಲಗಿಗೆ ಹೊಂಟೇವಿ. ಅಲ್ಲಿ ಕೈ ಆಡ್ತಂದ್ರ ನಿನ್ನ ಜಾಗಾ ಮತ್ತ ಹೊಸ್ತಲಾನ” ಎಂದು ಶಿದ್ರಾಮಪ್ಪನವರು ಎಚ್ಚರಿಸಿದರು.

ಅಂಕಲಗಿಯಲ್ಲಿ ಬೀರಸಿದ್ದಪ್ಪನೆಂಬ ಪರಿಚಯದವರು ಹೊಸ ಮನೆ ಕಟ್ಟಿ ಭಜನೆಗೆ ಕರೆದಿದ್ದರು. ಟಿ.ವಿ., ಕೀಬೋರ್ಡು, ಅದರ ಹುರಿ, ಎಲ್ಲವೂ ಟಂಟಂ ಗಾಡಿಯಲ್ಲಿ ಬಂದವು. ಇಳಿಹೊತ್ತಿಗೆ ಹಾಡು ಸುರುವಾಯಿತು. ಶಿದ್ರಾಮಪ್ಪನವರ ಕೈಗಳಿಗೆ ಈಗ ಬಿಡುವು. ಬೇಕಾದಂತೆ ಆಡಿಸಿ ಹಾಡಿದರು. ಹತ್ತು ವರ್ಷ ಹಿಂದಿನ ದನಿ ಬಂದಿತ್ತು. ಒಂದು ನುಡಿಯೂ ತಪ್ಪಲಿಲ್ಲ. ಅಡುಗೆ ಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತರು.

ಆಗ ಮಾಯಪ್ಪನಿಗೆ ಬಹಳ ಪ್ರೀತಿಯ ಹಾಡೊಂದು ಬಂದಿತು. ಅವನ ಬೆರಳು ತಾಳಕ್ಕೆ ತುಡಿಯಿತು. ಅವನು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡ. ಶಿದ್ರಾಮಪ್ಪನವರು ದನಿ ಏರಿಸಿದರು. ಈಗ ಎರಡೂ ಕೈಗಳು ಕೂಡಿಯೇ ಎದ್ದವು. ಗಾಳಿಯಲ್ಲಿ ತಾಳ ಹಾಕಿದವು. ಪುಟಗಳು ಸರಸರನೆ ಓಡಿ, ಎಲ್ಲ ಹಾಡುಗಳನ್ನೂ ದಾಟಿ, ಕೊನೆಯ ಮಂಗಳದ ಹಾಡಿಗೆ ಹೋಗಿ ನಿಂತವು. ಮುಂದೆ ಪುಟವೇ ಇರಲಿಲ್ಲ.

ಶಿದ್ರಾಮಪ್ಪನವರು ಕಂಡದ್ದನ್ನು ಹಾಡಿದರು. ಮಂಗಳ ಕೇಳಿದ ಜನ ಎದ್ದು ಕೈ ಮುಗಿದು ನಿಂತರು. ಬೀರಸಿದ್ದಪ್ಪ ಕೈಯಲ್ಲಿ ಸೌಟು ಹಿಡಿದು ಒಳಗಿನಿಂದ ಓಡಿ ಬಂದರು.

“ಕಾಕಾರ, ಹುಗ್ಗಿ ಇನ್ನೂ ಕುದ್ದಿಲ್ರಿ. ಮಂಗಳ ಹೆಂಗ ಆತು?”

ಮಾಯಪ್ಪ ಮೌಸನ್ನು ಹಾರ್ಮೋನಿಯಂ ಮೇಲಿಟ್ಟು ಎದ್ದು ಹೋದ. ಹೊರಗೆ ಚಪ್ಪಲಿಗಳ ನಡುವೆ ಕುಳಿತು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ನಾನು ಹೋಗಿ ಪಕ್ಕದಲ್ಲಿ ಕುಳಿತರೂ ತಲೆ ಎತ್ತಲಿಲ್ಲ.

ಒಳಗೆ ಶಿದ್ರಾಮಪ್ಪನವರು, “ಅಪ್ಪಣ್ಣಾ, ಇವತ್ತ ನಾ ಎಲ್ಲೆರ ನುಡಿ ಮರತ್ನೇನು?” ಎಂದು ಕೇಳುವುದು ನಮಗೆ ಕೇಳಿಸಿತು.

“ಇಲ್ಲ ಕಾಕಾ. ಒಂದೂ ಮರೀಲಿಲ್ಲ. ಮುಗಿಯೂದಷ್ಟ ಜರಾ ಲಗೂ ಮುಗೀತು.”

ಮುದುಕರು ಗೋಡೆ ಹಿಡಿದುಕೊಂಡು ತಾವೇ ಹೊಸ್ತಿಲಿಗೆ ಬಂದರು. “ಏಳೋ. ಮಂಗಳ ಎಲ್ಲಾರಿಗೂ ಬಾಯಿಪಾಠ ಐತಿ, ಅದಕ್ಕ ಪುಟ ಬೇಕಾಗಿಲ್ಲ. ಆವಾಗ ಮೌಸ ಕೆಳಗ ಇಡು, ತಾಳ ತಗೋ, ಮನಸ್ಸಿಗೆ ಬಂದಂಗ ಬಡಿ. ಅಲ್ಲೀತನಕ ಅಷ್ಟ ಕೈ ತಡಿ. ಆದೀತೋ ಇಲ್ಲೋ?”

“ಖರೇನ ಕಾಕಾ? ತಾಳ ತಪ್ಪಿದ್ರ?”

“ಮಂಗಳ ಹಾಡೂ ಹೊತ್ತಿಗೆ ಎಲ್ಲಾರ ಚಿತ್ತ ಹುಗ್ಗಿ ಮ್ಯಾಲ ಇರತೈತಿ. ಯಾರ ಕೇಳತಾರ?”

ಹುಗ್ಗಿ ಕುದಿಯುವತನಕ ಮತ್ತೆ ಹಾಡಾಯಿತು. ಮಾಯಪ್ಪನ ಕೈ ಕಲ್ಲಿನಂತೆ ಇತ್ತು. ಆ ಸಂಜೆಯ ಎರಡನೆಯ ಮಂಗಳಕ್ಕೆ ಅವನು ತಾಳ ಬಾರಿಸಿದ. ಅದರ ಬಗ್ಗೆ ನಾನೇನೂ ಬರೆಯುವುದಿಲ್ಲ. ಅವನ ಮುಖ ಮಾತ್ರ ನೋಡುವ ಹಾಗಿತ್ತು.

ಈಗ ಸಂಘಕ್ಕೆ ಗೋಕಾಕ, ಹುಕ್ಕೇರಿ, ಬೆಲ್ಲದ ಬಾಗೇವಾಡಿಗಳಿಂದಲೂ ಕರೆ ಬರುತ್ತದೆ. ಸೋಮವಾರ ಮಾಯಪ್ಪ ಗಿರಣಿಯನ್ನು ಬೇಗನೆ ಮುಚ್ಚುತ್ತಾನೆ. ಅಂಗಿಯ ಕಿಸೆಯಲ್ಲಿ ಮೌಸಿಗೆ ಹಾಕುವ ಹೊಸ ಸೆಲ್ಲುಗಳನ್ನು ಇಟ್ಟುಕೊಂಡೇ ಬರುತ್ತಾನೆ. ಹಾಡಿನ ಹೆಸರನ್ನು ಒಂದೇ ಬೆರಳಿನಿಂದ ಒತ್ತುತ್ತಾನೆ. ಅವನು ಒತ್ತುವ ಕೀಲಿಗಳ ಮೇಲೆ ಹಿಟ್ಟಿನ ಬಿಳುಪು ನಿಂತಿದೆ. ಕೀಬೋರ್ಡಿನ ಹುರಿಯನ್ನು ಇನ್ನೂ ಬಿಚ್ಚಿಲ್ಲ. ಭಜನೆ ಮುಗಿಯುತ್ತ ಬಂದಂತೆ ಅವನು ಮೌಸನ್ನು ಮೆಲ್ಲಗೆ ಕೆಳಗಿಟ್ಟು, ಎರಡೂ ಕೈಗಳನ್ನು ಉಜ್ಜಿಕೊಂಡು, ತಾಳ ಎತ್ತಿಕೊಳ್ಳುತ್ತಾನೆ. ಅಪ್ಪಣ್ಣ ತಬಲಾದ ಮೇಲಿನಿಂದ ಕೈ ತೆಗೆಯುತ್ತಾನೆ. ಶಿದ್ರಾಮಪ್ಪನವರು ಕಣ್ಣು ಮುಚ್ಚಿಕೊಳ್ಳುತ್ತಾರೆ.

ಹೆಂಗಸರ ಸಾಲಿನಲ್ಲಿ ಯಲ್ಲಕ್ಕ ಸೆರಗು ಸರಿಪಡಿಸಿಕೊಂಡು, “ನಮ್ಮನಿ ಗಿರಣಿ ಸುರು ಆತು. ಏಳ್ರೆವ್ವ, ಆರತಿ ಹಚ್ಚೂಣು” ಎಂದು ಎಲ್ಲರಿಗಿಂತ ಮೊದಲು ಏಳುತ್ತಾಳೆ.