ಕೋಟೆಯವರ ಎಡೆ

ಸಂಡೂರಿನಿಂದ ಹುಡುಗನ ಅಪ್ಪ ಅಮ್ಮ ಕಂಪ್ಲಿಗೆ ನನ್ನನ್ನು ನೋಡಲು ಬಂದ ದಿನ ನಮ್ಮ ಮನೆಯಲ್ಲಿ ಹಬ್ಬದಡುಗೆ. ಹುಡುಗನಿಗೆ ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಇತ್ತು, ಬಂದಿರಲಿಲ್ಲ. ನಾವಿಬ್ಬರೂ ಫೋನಿನಲ್ಲೇ ಒಪ್ಪಿಯಾಗಿತ್ತು. ಹಿರಿಯರು ಉಂಡು ಹೂಂ ಅನ್ನುವುದೊಂದೇ ಬಾಕಿ. ನನಗೆ ಅವನು ಬೇಕೇ ಬೇಕಿತ್ತು. ಅದನ್ನು ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಆದರೆ ನಮ್ಮಲ್ಲಿ ಹಬ್ಬದಡುಗೆ ಆದರೆ ಮೊದಲ ಎಡೆ ಕೋಟೆಯವರದು. ವಿಜಯನಗರಕ್ಕೂ ಮೊದಲು, ಕಂಪ್ಲಿಯ ಅರಸರ ಕಾಲದಲ್ಲಿ, ದಿಲ್ಲಿಯ ದಂಡು ಕೋಟೆ ಮುತ್ತಿದಾಗ ಒಳಗಿನ ಕಾಳುಕಡಿ ತೀರಿ ನಮ್ಮ ಹಿರಿಯರು ಹಸಿದ ಹೊಟ್ಟೆಯಲ್ಲೇ ಕಾದಾಡಿ ಸತ್ತರಂತೆ. ಅವರೇ ಕೋಟೆಯವರು. ಪುಸ್ತಕದಲ್ಲಿ ಹೇಗಿದೆಯೋ ಗೊತ್ತಿಲ್ಲ, ಅಜ್ಜಿಯ ಬಾಯಲ್ಲಿ ಹೀಗೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಹೋಳಿಗೆ ಬಡಿಸಿದ ಎಲೆಯನ್ನು ಮನೆಯ ಗಂಡಸು ಕೋಟೆ ಗೋಡೆಯ ಬುಡದಲ್ಲಿಟ್ಟು ಬರುವವರೆಗೆ ಯಾರೂ ತುತ್ತು ಎತ್ತುವಂತಿಲ್ಲ. ಅಪ್ಪ ತೀರಿದ ಮೇಲೆ ಆ ಕೆಲಸ ಚಿಕ್ಕಪ್ಪನದು.

ಅವತ್ತು ಹೂವು ತರಲು ಹೊಸಪೇಟೆಗೆ ಹೋದ ಚಿಕ್ಕಪ್ಪ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದ. ಎಡೆ ಬಾಗಿಲ ಬಳಿ ಮಣೆಯ ಮೇಲೆ ಕಾಯುತ್ತಿತ್ತು. ಪಡಸಾಲೆಯಲ್ಲಿ ಬೀಗರೂ ಕಾಯುತ್ತಿದ್ದರು.

"ಬಂದ ಕೂಡ್ಲೇ ಊಟ ಅಂದಿದ್ರಿ. ದಾರ್ಯಾಗ ಶುಗರಿನ ಸೂಜಿ ತಗೊಂಡೀನ್ರಿ" ಎಂದು ಹುಡುಗನ ಅಪ್ಪ ಸಂಕೋಚದಿಂದಲೇ ಹೇಳಿದರು.

"ಇನ್ನೇನು ಬಂದ್ನ್ರಿ, ಸ್ವಲ್ಪ ತಡೀರಿ" ಎಂದಳು ಅಜ್ಜಿ.

ಎಷ್ಟು ಹೊತ್ತಾದರೂ ಚಿಕ್ಕಪ್ಪನ ಸುಳಿವಿಲ್ಲ. ಹುಡುಗನ ಅಪ್ಪನ ಹಣೆಯ ಮೇಲೆ ಬೆವರು ಮೂಡಿತು. ಶುಗರ್ ಇಳಿದಾಗ ನನ್ನ ಅಪ್ಪನಿಗೂ ಹೀಗೇ ಆಗುತ್ತಿತ್ತು.

"ಅಜ್ಜಿ, ಅವ್ರಿಗೆ ಶುಗರ್ ಇಳಿಯಾಕತ್ತೈತಿ. ಜಲ್ದಿ ಏನರ ಕೊಡಬೇಕು."

"ಸುಮ್ನ ಕುಂದ್ರು. ಮೊದ್ಲು ಎಡಿ ಹೋಗ್ಲಿ."

ಅಷ್ಟರಲ್ಲಿ ಅವರ ಕೈ ನಡುಗಿ ನೀರಿನ ಲೋಟ ಉರುಳಿತು. ಹೆಂಡತಿ ಕೂಗಿ ಕೇಳಿದರೆ ಏನೋ ತೊದಲಿದರು. ಅಡುಗೆಮನೆಗೆ ಓಡಿ ಸಕ್ಕರೆ ಡಬ್ಬಿ ಹುಡುಕುವ ತಾಳ್ಮೆ ನನಗಿರಲಿಲ್ಲ. ಎದುರಿಗಿದ್ದ ಎಡೆಯಿಂದ ಹೋಳಿಗೆ ಎತ್ತಿಕೊಂಡೆ. ಅಜ್ಜಿ ನನ್ನ ಕೈ ಹಿಡಿದಳು.

"ಅದು ಕ್ವಾಟಿಯೋರದು!"

ನನಗೆ ಮೊದಲೇ ಮೂಗಿನ ಮೇಲೆ ಸಿಟ್ಟು. "ಅವ್ರೂ ಹಸದ ಸತ್ತೋರು ಅಲ್ಲೇನು?" ಎಂದು ಕೈ ಕೊಸರಿಕೊಂಡೆ. ಹೋಳಿಗೆ ಮುರಿದು ಅವರ ಬಾಯಿಗಿಟ್ಟೆ. ಅವರು ನಿಧಾನವಾಗಿ ಅಗಿದರು. ಇನ್ನೊಂದು ಚೂರು ಕೊಟ್ಟೆ. ಸ್ವಲ್ಪ ಹೊತ್ತಿಗೆ ಮಾತು ನೆಟ್ಟಗಾಯಿತು.

ಆಗ ಅವರ ಹೆಂಡತಿ ನನ್ನ ಕಡೆ ತಿರುಗಿದರು. "ಸತ್ತೋರ ಎಡಿ ನನ್ನ ಗಂಡಗ ತಿನಿಸಿದ್ಯೇನವ್ವ?"

ಮುಗಿಯಿತು, ಇನ್ನು ಎದ್ದು ಹೋಗುತ್ತಾರೆ ಅಂದುಕೊಂಡೆ.

ಅಜ್ಜಿ ಅವರ ಎದುರು ಹೋಗಿ ಕುಳಿತಳು. "ಕ್ವಾಟಿಯೋರು ತಮ್ಮ ಎಡಿ ಹೊರಗಿನೋರಿಗೆ ಮುಟ್ಟಗೊಡಂಗಿಲ್ಲ, ತಾಯಿ. ಕೊಟ್ರು ಅಂದ್ರ ನೀವು ನಮ್ಮೋರಾದ್ರಿ ಅಂತ. ಹಿಂದಿನಿಂದ ಬಂದ ಮಾತಿದು."

ಅವರು ಗಂಡನ ಮುಖ ನೋಡಿದರು. ಗಂಡ ತಲೆಯಾಡಿಸಿದರು. "ಹಂಗಾದ್ರ ಎಲಿ ಹಾಕ್ರಿ, ಉಣ್ಣೋಣು" ಎಂದರು ಆಕೆ.

ಅಂಥ ಮಾತು ನಾನು ಎಂದೂ ಕೇಳಿರಲಿಲ್ಲ. ಆದರೂ ನಂಬಿದೆ. ತುಪ್ಪ ತರಲು ಅಡುಗೆಮನೆಗೆ ಹೋದಾಗ ಅಜ್ಜಿ ಕೋಟೆಯ ಕಡೆ ಮುಖ ಮಾಡಿ ನಿಂತು ಕೆನ್ನೆ ಬಡಿದುಕೊಳ್ಳುತ್ತಿದ್ದಳು.

"ತಪ್ಪಾತ್ರೀ ಯಪ್ಪಾ. ನಿಮ್ಮ ಹೆಸರ್ಲೆ ಸುಳ್ಳು ಹೇಳೀನಿ. ನನ್ನ ಕೂಸು ಬಾಳೇವು ಮಾಡ್ಲಿ. ಸಿಟ್ಟು ನನ್ನ ಮ್ಯಾಲ ತೀರಿಸ್ಕೋರಿ."