ಡಿಶ್ಶಿನ ತೋಳು ಕಟ್ಟಿದ ಹಾಯಿದೋಣಿ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಕೇಬಲ್‌ನವರ ಎಡಗೈ ಹೆಬ್ಬೆರಳು ಚುಕ್ಕಾಣಿ ಯಂತ್ರದ ಸ್ವಿಚ್ಚಿನ ಮೇಲಿತ್ತು. ಆ ಬೆರಳಿನ ಉಗುರಿಗೆ ಯಾವತ್ತೂ ನೇರಳೆ ಹಣ್ಣಿನ ಬಣ್ಣ. ಒಂದು ಪೆಟ್ಟು ಮಾಯುವ ಮೊದಲೇ ಸುತ್ತಿಗೆ ಮತ್ತೊಮ್ಮೆ ಅಲ್ಲಿಗೇ ಬೀಳುತ್ತಿತ್ತು. ಸ್ವಿಚ್ಚು ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಎದುರಿಗೆ ಗಂಗೊಳ್ಳಿಯ ಅಳಿವೆ, ನದಿ ಕಡಲು ಸೇರುವ ಬಾಯಿ, ಬೆಳ್ಳಗೆ ನೊರೆ ಕಾರುತ್ತಿತ್ತು. ನಮ್ಮ ದೋಣಿ ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ ನಿಧಾನಕ್ಕೆ ಅಲೆಗಳಿಗೆ ಅಡ್ಡ ತಿರುಗತೊಡಗಿತು.

ನಾನಾಗ ಕುಂದಾಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಮನೆ ಬ್ರಹ್ಮಾವರದಲ್ಲಿ, ವಾರವಿಡೀ ಗಂಗೊಳ್ಳಿಯ ಬಾಡಿಗೆ ಕೋಣೆಯಲ್ಲಿರುತ್ತಿದ್ದೆ. ಪಕ್ಕದ ಮನೆ ಕೇಬಲ್‌ನವರದು. ಮೀನುಗಾರರ ಮನೆಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಟಿವಿ ರಿಪೇರಿ ಕಲಿತು, ತೊಂಬತ್ತೇಳರಲ್ಲಿ ಊರಿಗೆ ಮರಳಿದವರು. ಬೈಂದೂರಿನವರೆಗೂ ತೆಂಗಿನ ಮರದಿಂದ ಮರಕ್ಕೆ ತಂತಿ ಎಳೆದು ಮನೆಮನೆಗೆ ಟಿವಿ ತೋರಿಸಿದರು. ಯಡ್ತರೆಯಲ್ಲಿ ಒಂದು ಮರದಿಂದ ಬಿದ್ದ ಮೇಲೆ ಬಲ ಭುಜ ಸರಿಯಾಗಿ ಕೂಡಿಕೊಳ್ಳಲೇ ಇಲ್ಲ. ಮುಂದೆ ಪ್ರತಿ ಮನೆಯ ಮಾಡಿನ ಮೇಲೂ ಚಿಕ್ಕ ಚಿಕ್ಕ ಡಿಶ್ ಬಂದು ಅವರ ದಂಧೆ ಕುಸಿಯಿತು. ಹಳೆಯ ದೊಡ್ಡ ಡಿಶ್‌ಗಳೆಲ್ಲ ಕೆಳಗಿಳಿದವು. ಅವನ್ನು ಆಕಾಶದಲ್ಲಿ ಅತ್ತಿತ್ತ ತಿರುಗಿಸುತ್ತಿದ್ದ ಕಬ್ಬಿಣದ ತೋಳುಗಳು ಅವರ ಅಂಗಳದ ಮೂಲೆಯಲ್ಲಿ ರಾಶಿ ಬಿದ್ದವು.

ಅವರಲ್ಲಿ ತಂದೆಯ ಕಾಲದ ಹಾಯಿದೋಣಿಯೊಂದಿತ್ತು. ಬಂದರಿನಲ್ಲಿ ಎಲ್ಲರದೂ ಎಂಜಿನ್ ದೋಣಿ. "ಎಂಜಿನ್ ಹಾಕ್ರೆ ಕಡ್ಲ್ ಮಾತಾಡುದ್ ಕೇಂತಿಲ್ಲೆ ಟೀಚರೆ" ಎನ್ನುತ್ತಿದ್ದರು. ಆದರೆ ಅವರ ಭುಜ ಅರ್ಧ ಗಂಟೆಗಿಂತ ಹೆಚ್ಚು ಚುಕ್ಕಾಣಿ ಹಿಡಿಯಲು ಬಿಡುತ್ತಿರಲಿಲ್ಲ. ದೋಣಿ ತನ್ನಷ್ಟಕ್ಕೆ ದಾರಿ ಹಿಡಿದು ಹೋಗಬೇಕು, ತಾನು ಅಂಗಾತ ಮಲಗಿ ಹಾಯಿಯನ್ನು ನೋಡುತ್ತಿರಬೇಕು. ಇದೊಂದೇ ಅವರ ಆಸೆ. ಅದಕ್ಕೇ ನನ್ನ ಕದ ತಟ್ಟಿದ್ದರು.

ತಾನೇ ಚುಕ್ಕಾಣಿ ಹಿಡಿಯುವ, ಮುಂಬಯಿಯಲ್ಲಿ ಸಿಗುವ ಸಿದ್ಧ ಯಂತ್ರದ ಬೆಲೆಗೆ ಇನ್ನೊಂದು ದೋಣಿಯೇ ಬರುತ್ತಿತ್ತು. ಹಾಗಾಗಿ ಚುಕ್ಕಾಣಿ ಕೋಲನ್ನು ಎಳೆದು ತಳ್ಳಲು ಅಗ್ಗದ್ದೇನು ಸಿಗುತ್ತದೆ ಎಂದು ಒಂದಿಡೀ ಮಳೆಗಾಲ ಅವರ ಜಗಲಿಯಲ್ಲಿ ಕೂತು ಹುಡುಕಿದೆವು. ಕೊನೆಗೆ ಮೂರು ಉಳಿದವು: ಕಾರಿನ ಕಿಟಕಿ ಏರಿಸುವ ಮೋಟಾರು, ಬಸ್ಸಿನ ವೈಪರ್ ಮೋಟಾರು, ಡಿಶ್ಶಿನ ತೋಳು.

"ಹೆಣ್ ಕಾಂಬುಕ್ ಬಂದಾಂಗೆ ಕೂಕಂಡಿದ್ರಿ ಇಬ್ರೂ!" ಚಾ ತಂದ ಅವರ ಹೆಂಡತಿ ನಗಾಡಿದರು.

ಕೇಬಲ್‌ನವರು ಒಂದೊಂದನ್ನೇ ಮುಟ್ಟಿ ಪರಿಚಯ ಮಾಡಿಸಿದರು. "ಇದ್ ಶಾಲಿಗ್ ಹೊತ್ತಾದ್ ಹೆಣ್ಣ್, ಬರೀ ಓಟ, ಬಲ ಇಲ್ಲೆ. ಇದ್ ತಲೆ ಆಡ್ಸುದೇ ಸೈ, ಮುಂದ್ ಹೋಪುದಿಲ್ಲೆ. ಇದ್ ಕಾಣಿ, ನಮ್ಮ ಎಮ್ಮಿ. ನಿಧಾನ, ಆರೆ ಎಳುಕ್ ಹೊರಟ್ರೆ ಎಳತ್."

ನಾನು ಮೂರಕ್ಕೂ ತೂಕ ಕಟ್ಟಿ ಬಲ ಅಳೆದೆ. ಎಮ್ಮೆಯೇ ಗೆದ್ದಿತು. ಅದರೊಳಗಿರುವುದು ಉದ್ದನೆಯ ಸ್ಕ್ರೂ. ಮೋಟಾರು ನಿಂತರೆ ತೋಳು ನಿಂತಲ್ಲೇ ನಿಲ್ಲುತ್ತದೆ, ಕೈಯಿಂದ ತಳ್ಳಿದರೆ ಕೂದಲೆಳೆಯಷ್ಟೂ ಸರಿಯದು. 'ಕರೆಂಟಿಲ್ಲದೆಯೂ ಹಿಡಿದು ನಿಲ್ಲುತ್ತದೆ' ಎಂದು ಬರೆದು ಪಕ್ಕದಲ್ಲೊಂದು ರೈಟ್ ಗುರುತು ಹಾಕಿದೆ.

ಕೇಬಲ್‌ನವರು ತೋಳನ್ನು ಚುಕ್ಕಾಣಿ ಕೋಲಿಗೆ ತೆಂಗಿನ ನಾರಿನ ಹುರಿಯಿಂದ ಬಿಗಿದು ಕಟ್ಟಿದರು. "ಕತ್ತಿಗ್ ತುಂಡಾಗದ್ ಎಂತದೂ ದೋಣಿಯಗೆ ಇಪ್ಪುಕಾಗ" ಎಂದು ಅವರ ತಂದೆ ಹೇಳುತ್ತಿದ್ದರಂತೆ; ಆಪತ್ತಿಗೆ ಏನನ್ನೂ ಕಡಿದು ಬಿಡಿಸಿಕೊಳ್ಳುವಂತಿರಬೇಕು. ಆದರೆ ಹುರಿ ಎಳೆದು ಎಳೆದು ಸಡಿಲವಾಗುತ್ತಿತ್ತು; ದೋಣಿ ಹಾವಿನಂತೆ ಅಂಕುಡೊಂಕಾಗಿ ಸಾಗುತ್ತಿತ್ತು. ನನಗದನ್ನು ಸಹಿಸಲಾಗಲಿಲ್ಲ. ಒಂದು ಸಂಜೆ ಹುರಿ ಬಿಚ್ಚಿ, ಕೋಲಿಗೆ ತೂತು ಕೊರೆದು, ಉಕ್ಕಿನ ಬೋಲ್ಟು ತೂರಿಸಿ, ಒಂದರ ಮೇಲೊಂದು ಎರಡು ನಟ್ಟು ಬಿಗಿದೆ. ಅವರು ಬಂದು ಬಗ್ಗಿ ನೋಡಿದರು. ಹೆಬ್ಬೆರಳಿನಿಂದ ನಟ್ಟನ್ನು ಸವರಿದರು.

"ನೀವ್ ಕಾಲೇಜ್ ಓದ್ದರ್" ಎಂದರು. ಅಷ್ಟೇ.

ಫೆಬ್ರವರಿಯ ಆ ಬೆಳಿಗ್ಗೆ ಅವರ ಹೆಂಡತಿಯೂ ಬಂದರು. "ನಾನೂ ಬತ್ತೆ. ನಿಮ್ಮಿಬ್ರನ್ನೇ ಬಿಟ್ರೆ ಸೀದಾ ಅರಬ್ಬಿಗ್ ಹೋಯಿ ಮುಟ್ತ್ರಿ" ಎಂದು ಗಂಜಿಯ ಪಾತ್ರೆ ಹಿಡಿದು ಹತ್ತಿದರು. ನೆಲದ ಕಡೆಯ ಗಾಳಿ ನಮ್ಮನ್ನು ಹೊರಗೆ ಕೊಂಡೊಯ್ದಿತು. ದಡ ಮಂಜಿನಲ್ಲಿ ಕರಗಿತು. ದಿಕ್ಸೂಚಿಯ ಬಳಿ ನಾನಿಟ್ಟ ಎರಡು ಬೆಳಕಿನ ಕಣ್ಣುಗಳು, ಸೆನ್ಸರುಗಳು, ದೋಣಿ ಒಂಚೂರು ದಿಕ್ಕು ತಪ್ಪಿದರೂ ಗುರುತಿಸಿ ತೋಳಿಗೆ ಹೇಳುತ್ತಿದ್ದವು. ತೋಳು ಜೇನುಹುಳದಂತೆ ಗುಂಯ್‌ಗುಟ್ಟಿ ಒಂದು ಬೆರಳಷ್ಟು ಚಾಚುವುದು, ಒಂದು ಬೆರಳಷ್ಟು ಸೇದುವುದು. ಯಾರೂ ಮುಟ್ಟದ ಚುಕ್ಕಾಣಿ ತಾನೇ ಆಡುತ್ತಿತ್ತು. ಕೇಬಲ್‌ನವರು ಅಂಗಾತ ಮಲಗಿದರು. ಹಾಯಿಯ ನೆರಳು ಅವರ ಮುಖದ ಮೇಲೆ ಬಂದು ಹೋಗುತ್ತಿತ್ತು. ಅವರ ಕಣ್ಣು ತೆರೆದಿತ್ತೋ ಮುಚ್ಚಿತ್ತೋ, ಹೇಳಲಾರೆ. ನೀರು ಹಲಗೆಗೆ ಏನೋ ಪಿಸುಗುಟ್ಟುತ್ತಲೇ ಇತ್ತು. ಹೊತ್ತು ಹೋದದ್ದು ನಮಗಾರಿಗೂ ತಿಳಿಯಲಿಲ್ಲ.

ಬ್ಯಾಟರಿಗೂ ಒಂದು ಕೊನೆಯಿದೆಯೆಂಬುದನ್ನು ನಾನೇ ಮರೆತಿದ್ದೆ.

ಮರಳಿ ಬರುವಾಗ ಅಳಿವೆಯ ಎದುರು ಅದು ಸತ್ತಾಗ ತೋಳು ಅರ್ಧ ಚಾಚಿತ್ತು, ಚುಕ್ಕಾಣಿ ಒಂದು ಬದಿಗೆ ತಿರುಗಿತ್ತು. ಮೂವರೂ ಸೇರಿ ಕೋಲನ್ನು ಎಳೆದೆವು. ಅಲ್ಲಾಡಲಿಲ್ಲ. ಹೊರಗಿನ ಗಾಳಿಗೆ ಎದ್ದ ಅಲೆ, ಒಳಗಿನಿಂದ ಇಳಿತದ ನೀರು. ಎರಡೂ ಡಿಕ್ಕಿ ಹೊಡೆಯುವ ಜಾಗಕ್ಕೆ ನಾವು ಅಡ್ಡಡ್ಡ ಹೋಗುತ್ತಿದ್ದೆವು. ನಾನು ಸ್ಪ್ಯಾನರ್ ತೆಗೆದು ಮೇಲಿನ ನಟ್ಟಿಗೆ ಹಾಕಿದೆ. ಮೊದಲ ಅಲೆ ಬಂದು ಬಡಿಯಿತು. ಸ್ಪ್ಯಾನರ್ ಕೈಯಲ್ಲಿರಲಿಲ್ಲ.

"ಹ್ವಾಯ್, ಕತ್ತಿ!" ಎಂದು ಹೆಂಡತಿ ಕೂಗಿ ಎಳನೀರು ಕೆತ್ತುವ ಕತ್ತಿಯನ್ನು ಗಂಡನ ಕೈಗಿತ್ತರು.

"ಸರ್ಕಣಿ ಟೀಚರೆ."

ಬೋಲ್ಟನ್ನು ಕಡಿಯಲಾಗದು. ಅವರು ಅದರ ಹಿಂದೆ, ಕೋಲಿನ ಮರವನ್ನೇ ಕಡಿದರು. ತಂದೆ ಕೆತ್ತಿದ ಕೋಲು. ಆರು ಏಟಿಗೋ ಏಳು ಏಟಿಗೋ ತುಂಡಾಯಿತು, ಚುಕ್ಕಾಣಿ ಬಿಡುಗಡೆಯಾಯಿತು. ಹಿಡಿಯಲು ಉಳಿದದ್ದು ಗೇಣುದ್ದದ ಮೋಟು. ಅದಕ್ಕೆ ಬಲ ಭುಜವನ್ನೇ ಕೊಟ್ಟು ಮೈಭಾರವೆಲ್ಲ ಹಾಕಿ ಒರಗಿದರು. ದೋಣಿ ತಿರುಗಿತು. ಹೆಂಡತಿ ಗಂಜಿ ಪಾತ್ರೆಯಿಂದ ನೀರು ಮೊಗೆದು ಹಾಕುತ್ತಲೇ ಇದ್ದರು. ನಾನು ಹಲಗೆಗೆ ಅಂಟಿಕೊಂಡಿದ್ದೆ, ಇನ್ನೇನೂ ಮಾಡಲಿಲ್ಲ. ಒಳಗಿನ ಸಮನೀರಿಗೆ ಬರುವವರೆಗೂ ಅವರು ಭುಜ ತೆಗೆಯಲಿಲ್ಲ. ಆಮೇಲೆ ಆ ಕೈ ಎದೆಮಟ್ಟದಿಂದ ಮೇಲೇಳಲೇ ಇಲ್ಲ. ಹಾಯಿ ಏರಿಸುವುದು ಅಲ್ಲಿಗೆ ಮುಗಿಯಿತು.

ದಡದಲ್ಲಿ ಜನ ಸೇರಿದ್ದರು. "ಬೋಲ್ಟ್ ಯಾರ್ ಹಾಕದ್ ಮಾರಾಯ್ರೆ, ಚುಕ್ಕಾಣಿಗೆ?" ಎಂದು ಯಾರೋ ಕೇಳಿದರು.

"ನಾನೇ" ಎಂದರು ಕೇಬಲ್‌ನವರು.

ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಅಂದಿನಿಂದ ಬಂದರಿಗೆ ಅವರೊಂದು ತಮಾಷೆಯಾದರು. "ಹ್ವಾಯ್, ರಿಮೋಟ್ ಎಲ್ಲಿತ್ತ್? ಸೆಲ್ ಹಾಕ್ಕಂಡ್ರ್ಯಾ?" ಕಡಲ ಮಗನಾಗಿ ಹುಟ್ಟಿಯೂ ಗಂಟು ಹಾಕಲು ಬಾರದೆ ಬೋಲ್ಟು ಹಾಕಿದ ಎಂದರು. ಅವರೂ ಜೊತೆಗೂಡಿ ನಗುತ್ತಿದ್ದರು, ಎಡಗೈಯಲ್ಲಿ ಚಾ ಲೋಟ ಹಿಡಿದು. ನಾನು ಮಾತ್ರ ನಿದ್ದೆಯಲ್ಲಿ ಸ್ಪ್ಯಾನರ್ ಹುಡುಕುತ್ತಿದ್ದೆ. ತಡಕಾಡಿ ಏಳುತ್ತಿದ್ದೆ. ಕೆಲವೊಮ್ಮೆ ಕನಸಿನಲ್ಲಿ ಅದು ಸಿಗುತ್ತಿತ್ತು. ನಟ್ಟುಗಳು ಒಂದರ ಮೇಲೊಂದು, ಬಿಚ್ಚಿದಷ್ಟೂ ಮುಗಿಯುತ್ತಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ದೋಣಿಗಳು ಮೇಲೇರಿದ್ದವು. ಗಂಡಸರು ಶೆಡ್ಡಿನಲ್ಲಿ ಕೂತು ಬಲೆ ಹೆಣೆಯುತ್ತಿದ್ದರು. ಒಂದು ಶುಕ್ರವಾರ ಕಾಲೇಜಿನಿಂದ ಬರುವಾಗ ಅವರ ನಗೆ ಕೇಳಿತು. ನಡುವೆ ಕೇಬಲ್‌ನವರು. ಒಳಗೆ ಹೋದೆ.

"ಆ ಬೋಲ್ಟು ಹಾಕಿದ್ದು ನಾನು" ಎಂದೆ. "ಅವರು ಹುರಿಯಲ್ಲೇ ಕಟ್ಟಿದ್ದರು. ನಾನು ಅವರಿಗೆ ಹೇಳದೆ ಬಿಚ್ಚಿದೆ."

ಬಲೆಯ ಕೈಗಳು ನಿಂತವು. ಹಿರಿಯರೊಬ್ಬರು ಕೇಬಲ್‌ನವರ ಮುಖ ನೋಡಿ, "ಹಾಂಗಾರೆ ನೀ ನಮ್ಮನಿಯವನೇ ಸೈ" ಎಂದರು.

ಕೇಬಲ್‌ನವರಿಗೆ ಸಿಟ್ಟು ಬಂದಿತ್ತು. ದಾರಿಯಲ್ಲಿ ಕೊಡೆ ನನ್ನತ್ತ ವಾಲಿಸಿ, "ಎಂತಕ್ ಹೇಳೂಕ್ ಹೋದ್ರಿ? ನಿಮ್ಮ್ ಮಕ್ಳ್ ಸೋಮವಾರ ಕ್ಲಾಸಗೆ ನಗಾಡ್ತೊ" ಎಂದರು. ಸ್ವಲ್ಪ ದೂರ ಹೋದ ಮೇಲೆ ದನಿ ತಗ್ಗಿತು. "ಬೋಲ್ಟ್ ಕಂಡೂ ಸುಮ್ನಾದದ್ ನಾನ್. ಹೇಳ್ಕಿತ್ತ್ ನಾ. ಓದ್ದರಿಗ್ ಹ್ಯಾಂಗ್ ಹೇಳುದ್ ಅಂದೇಳಿ ಬಿಟ್ಟೆ. ಇನ್ ಮೇಲೆ ಹೇಳ್ತೆ."

ಹೇಳಿದರು ಕೂಡ. ಮುಂದಿನ ಐದು ವರ್ಷ ನನ್ನ ತಪ್ಪುಗಳನ್ನೆಲ್ಲ ಮುಖಕ್ಕೇ ಹೇಳಿದರು: ಬೆಸುಗೆ ಸರಿಯಿಲ್ಲ, ಸಾರಿಗೆ ಹುಳಿ ಜಾಸ್ತಿ, ಮಕ್ಕಳಿಗೆ ಅಷ್ಟು ಗದರಬಾರದು. ಆಮೇಲೊಂದು ಚೈತ್ರದಲ್ಲಿ ಸಣ್ಣ ಜ್ವರ ಬಂದು ತೀರಿಕೊಂಡರು. ಅಷ್ಟು ನೇರವಾಗಿ ನನ್ನೊಡನೆ ಮಾತಾಡಿದವರು ಅವರಿಗಿಂತ ಮೊದಲಿಲ್ಲ, ಆಮೇಲೂ ಇಲ್ಲ.

ಶೆಡ್ಡಿನಲ್ಲಿ ಒಪ್ಪಿಕೊಂಡ ಆ ಶುಕ್ರವಾರ ಸಂಜೆ ಬ್ರಹ್ಮಾವರದ ಮನೆಗೆ ಹೋದೆ. ಊಟ ಮಾಡಿ ಮಲಗಿದ್ದಷ್ಟೇ ನೆನಪು, ಸ್ಪ್ಯಾನರ್ ಹುಡುಕಿದ ನೆನಪಿಲ್ಲ. ಕಣ್ಣು ಬಿಟ್ಟಾಗ ಮಳೆ ಬಿಟ್ಟು ಕೋಣೆ ತುಂಬ ಬಿಸಿಲಿತ್ತು. ಬಾಗಿಲಲ್ಲಿ ಅಮ್ಮ ನಿಂತಿದ್ದಳು.

"ಮೂರ್ ಸರ್ತಿ ಕರದೆ" ಎಂದಳು. "ಒಮ್ಮಿಯೂ ಓಗೊಡ್ಲಿಲ್ಲೆ ನೀನ್."