ಚಿಟ್ಟೆ ಸಾಹೇಬರ ಹೊಸ ಪತಂಗ

ಅಂಗಡಿಗಳ ತೂಕದ ಕಲ್ಲುಗಳನ್ನು ಪರೀಕ್ಷಿಸಿ ಮುದ್ರೆ ಹಾಕುವ ಕೆಲಸದಿಂದ ನಿವೃತ್ತರಾದ ಮರುದಿನವೇ ಸಾಹೇಬರಿಗೆ ಸಲಾಂ ಹೊಡೆಯುವವರು ಯಾರೂ ಉಳಿಯಲಿಲ್ಲ. ಮನುಷ್ಯರಿಂದ ಸಿಗದ ಮರ್ಯಾದೆ ಹುಳುಗಳಿಂದಲಾದರೂ ಸಿಗಲಿ ಎಂದು ಬಡಾವಣೆಯ ಚಿಟ್ಟೆ ಸಂಘ ಸೇರಿದರು. ಬೇಸಿಗೆಯಲ್ಲಿ ಸದಸ್ಯರೆಲ್ಲ ತಾವು ಕಂಡ ಚಿಟ್ಟೆ, ಪತಂಗಗಳನ್ನು ದಾಖಲಿಸಬೇಕು; ಈವರೆಗೆ ಯಾರೂ ಕಾಣದ್ದನ್ನು ಕಂಡವರಿಗೆ ಸಭೆಯಲ್ಲಿ ಭಾಷಣದ ಅವಕಾಶ. ಸಾಹೇಬರ ಜೀವವೆಲ್ಲ ಆ ಭಾಷಣದ ಮೇಲೆಯೇ ಇತ್ತು.

ತಾರಸಿಯ ಮೇಲೆ ಬಿಳಿ ಬಟ್ಟೆ ಕಟ್ಟಿ ದೀಪ ಹಚ್ಚಿಟ್ಟರು. ಬೆಳಗಾದರೆ ಅದರ ಮೇಲೆ ಊರಿಗೆಲ್ಲ ಗೊತ್ತಿದ್ದ ಬೂದು ಪತಂಗಗಳೇ. ತಪ್ಪು ಯಾರದೆಂದು ಯೋಚಿಸಿ, ಹೆಂಡತಿಯ ಬೀರುವಿನೊಳಗಿನ ನುಸಿಗುಳಿಗೆಯದೆಂದು ತೀರ್ಮಾನಿಸಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

"ಈ ವಾಸನೆಗೆ ಯಾವ ಪತಂಗ ತಾನೇ ಬರುತ್ತೆ?" ಎಂದು ಅಷ್ಟನ್ನೂ ಬಾಚಿ ಎಸೆದರು.

"ಬರಬಾರ್ದು ಅಂತಾನೇ ಅಲ್ವೇನ್ರೀ ಇಟ್ಟಿರೋದು?" ಎಂದಳು ಹೆಂಡತಿ.

"ನಿಂಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು."

ಬೇಸಿಗೆ ಮುಗಿಯುತ್ತ ಬಂದಾಗ ಪತಂಗ ಬಂತು. ತಾರಸಿಗಲ್ಲ, ಮಲಗುವ ಕೋಣೆಯ ಗೋಡೆಗೆ. ಅಕ್ಕಿಕಾಳಿನಷ್ಟು, ಹೊನ್ನಿನ ಬಣ್ಣದ್ದು. ಫೋಟೊ ನೋಡಿದ ಸಂಘದ ಅಧ್ಯಕ್ಷರು, "ನಮ್ಮ ಬಡಾವಣೇಲಿ ಇದೇ ಮೊದಲು ಸಾಹೇಬ್ರೇ!" ಎಂದು ಹಿಗ್ಗಿದರು. ಸಾಹೇಬರು ಕನ್ನಡಿಯ ಮುಂದೆ ನಿಂತು, ತಾವು ಹಗಲಿರುಳು ಮರದಡಿ ಕಾದು ಕೂತ ಕಥೆಯೊಂದನ್ನು ಹೊಸೆದು ಬಾಯಿಪಾಠ ಮಾಡಿದರು.

ಸಭೆಯ ದಿನ ಬೆಳಿಗ್ಗೆ ಹೆಂಡತಿ ಬೀರು ತೆಗೆದಳು. ಆ ಸುಡು ಸೆಕೆಯಲ್ಲಿ ಉಣ್ಣೆಯ ಶಾಲು ಹೊದ್ದು ಬಂದು ಮುಂದಿನ ಸಾಲಿನಲ್ಲಿ ಕೂತಳು. ತೀರಿಹೋದ ಅವಳ ತಾಯಿ ಕೊನೆಯದಾಗಿ ಹೆಣೆದ ಶಾಲು ಅದು. ಈಗ ಜರಡಿಯಾಗಿತ್ತು.

"ಎಲ್ಲಿ ಸಿಕ್ತು ಹೇಳಿ ಸಾಹೇಬ್ರೇ," ಎಂದರು ಅಧ್ಯಕ್ಷರು.

ಸಾಹೇಬರು "ಮರದ..." ಎಂದು ಶುರುಮಾಡುವಷ್ಟರಲ್ಲಿ ಶಾಲು ಕಣ್ಣಿಗೆ ಬಿತ್ತು. ಬಾಯಿಪಾಠವೆಲ್ಲ ಮರೆತುಹೋಯಿತು.

"ನಮ್ಮ ಅತ್ತೆಯವರ ಶಾಲಲ್ಲಿ. ನುಸಿಗುಳಿಗೇನ ನಾನೇ ಎಸೆದಿದ್ದೆ."

ಇನ್ನು ಮಾನ ಹೋಯಿತು ಎಂದುಕೊಂಡರು. ಎಲ್ಲಿಯ ಮಾತು! ಚಪ್ಪಾಳೆಯೋ ಚಪ್ಪಾಳೆ. ಸದಸ್ಯರೆಲ್ಲ ಭೂತಗನ್ನಡಿ ಹಿಡಿದು ಅವಳ ಬೆನ್ನಿಗೆ ಮುಗಿಬಿದ್ದರು.

"ಅಮ್ಮಾ, ಅಲ್ಲಾಡಬೇಡಿ! ಇಲ್ಲಿ ಮರಿಹುಳಾನೂ ಇವೆ!"

ಅವಳ ಮುಖ ಕಾಣುತ್ತಿದ್ದುದು ವೇದಿಕೆಯ ಮೇಲಿದ್ದ ಸಾಹೇಬರೊಬ್ಬರಿಗೇ. ಅವಳು ಅಳುತ್ತಿದ್ದಳು. ಸಾಹೇಬರು ವೇದಿಕೆಯ ಅಂಚಿಗೆ ಬಂದರು.

"ಬಿಡ್ರಪ್ಪಾ ಅವಳನ್ನ!" ಎಂದು ಕೂಗಿದರು.

ಯಾರಿಗೂ ಕೇಳಿಸಲಿಲ್ಲ. ಮರಿಹುಳುಗಳ ಎಣಿಕೆ ನಡೆದಿತ್ತು.